ಹಸಿವೆಯ ನೆಲೆ

ಹಸಿವಾದಾಗ ಮನುಷ್ಯನ ಕೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಗುತ್ತದೆ. ಹೊಟ್ಟೆ ಚುರುಗುಟ್ಟುತ್ತಿದೆ ಎನ್ನುವುದು ಎಲ್ಲರ ವಾಡಿಕೆಯ ಮಾತು. ಬಹುಕಾಲ ವಿಜ್ಞಾನಿಗಳ ನಂಬಿಕೆಯೂ ಇದಕ್ಕಿಂತ ಭಿನ್ನವಾಗಿರಲಿಲ್ಲ. ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ ಅವರ ಶಿಷ್ಯ ವಾಶ್‌ಬರ್ನ್, ನಳಿಗೆಗೆ ಕಟ್ಟಿದ ರಬ್ಬರ್ ಬಲೂನೊಂದನ್ನು ನುಂಗಿ ತಮ್ಮ ಜಠರದ ಚಲನೆಯನ್ನು ದಾಖಲಿಸಿದರು. ಜಠರ ಹಿಂಡಿದಾಗಲೆಲ್ಲ ಹಸಿವೆಯ ಸಂಕಟ ಕಾಣಿಸಿಕೊಂಡಿತು. 1912ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ ಪ್ರಶ್ನೆ ಬಗೆಹರಿದಂತೆ ತೋರಿತು. ಆದರೆ ರೋಗದ ನಿಮಿತ್ತ ಜಠರವನ್ನೇ ತೆಗೆಸಿಕೊಂಡವರಿಗೂ ಹಸಿವೆಯಾಗುತ್ತಿತ್ತು! ಹಾಗಾದರೆ ಅದರ ನೆಲೆ ಯಾವುದು?

ಮಿದುಳಿನ ತಳದಲ್ಲಿ ಬಾದಾಮಿ ಬೀಜದಷ್ಟು ಚಿಕ್ಕದಾದ ಹೈಪೊಥಲಮಸ್ ಎಂಬ ಭಾಗವಿದೆ. 1940ರಲ್ಲಿ ಹೆದರಿಂಗ್ಟನ್ ಮತ್ತು ರ‍್ಯಾನ್ಸನ್ ಎಂಬ ವಿಜ್ಞಾನಿಗಳು ಇಲಿಗಳಲ್ಲಿ ಇದರ ನಡುಭಾಗವನ್ನು ಘಾಸಿಗೊಳಿಸಿದಾಗ ಅವು ಮಿತಿಮೀರಿ ಕೊಬ್ಬಿದವು. ಇದಕ್ಕಿಂತಲೂ ಬೆರಗುಗೊಳಿಸುವ ಸಂಗತಿಯನ್ನು ಕಂಡವರು ಭಾರತದ ಬಾಲಕೃಷ್ಣ ಆನಂದ್. 1951ರಲ್ಲಿ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಜಾನ್ ಬ್ರೊಬೆಕ್ ಅವರೊಡನೆ ಅವರು ಹೈಪೊಥಲಮಸಿನ ಎರಡು ಪಕ್ಕಗಳಲ್ಲಿಯೂ ಒಂದೊಂದು ಸಣ್ಣ ತಾಣವನ್ನು ನಾಶಪಡಿಸಿದರು. ಇಲಿಗಳು ಒಡನೆಯೇ ತಿನ್ನುವುದನ್ನು ಬಿಟ್ಟವು. ಆಹಾರ ಎದುರಿಗೇ ಇತ್ತು, ಜಠರ ಬರಿದಾಗಿತ್ತು, ಆದರೂ ಅವು ಉಪವಾಸದಿಂದ ಸತ್ತವು. ತುಂಬಿದ ಕಣಜದ ಮುಂದೆ ಬರಗಾಲ ಬಂದಂತಾಯಿತು. ಒಂದೇ ಪಕ್ಕ ಕೆಟ್ಟಿದ್ದ ಇಲಿಗಳು ಮಾತ್ರ ಎಂದಿನಂತೆ ತಿನ್ನುತ್ತಿದ್ದವು.

ಕೆಡಿಸಿದರೆ ಹಸಿವೆ ಅಳಿಯುವ ಈ ತಾಣವನ್ನು ಕೆರಳಿಸಿದರೆ ಏನಾದೀತು? ಸ್ವದೇಶಕ್ಕೆ ಮರಳಿದ ಆನಂದ್ ಅವರು ಬೆಕ್ಕುಗಳ ಮಿದುಳಿನಲ್ಲಿ ಸೂಕ್ಷ್ಮ ವಿದ್ಯುದ್ವಾರಗಳನ್ನಿರಿಸಿ ಅಲ್ಪ ವಿದ್ಯುತ್ತನ್ನು ಹರಿಸಿದರು. ಬೆಕ್ಕುಗಳು ಹೆಚ್ಚು ತಿನ್ನತೊಡಗಿದವು. ಮುಂದೆ ಅವರು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕರಾದರು. ರಕ್ತದಲ್ಲಿ ಗ್ಲೂಕೋಸ್ ಏರಿದಾಗ ತೃಪ್ತಿಯ ಕೇಂದ್ರ ಚುರುಕಾಗುತ್ತದೆಂದು 1962ರಲ್ಲಿ ಅವರ ತಂಡ ತೋರಿಸಿತು. ಎರಡೇ ಕೇಂದ್ರಗಳ ಈ ಚಿತ್ರ ತೀರ ಸರಳವಾದುದೆಂದು ನಂತರ ತಿಳಿಯಿತು, ನಿಜ. ಆದರೆ ದಾರಿ ತೆರೆದದ್ದು ಇದರಿಂದಲೇ.

ಹೊಟ್ಟೆಯ ಸುದ್ದಿ ಮಿದುಳನ್ನು ಸೇರುವುದಾದರೂ ಹೇಗೆ? ಅದಕ್ಕೊಂದು ಹೆದ್ದಾರಿ ವೇಗಸ್ ನರ. ಲ್ಯಾಟಿನ್ ಭಾಷೆಯಲ್ಲಿ ಈ ಹೆಸರಿಗೆ ಅಲೆಮಾರಿ ಎಂದರ್ಥ. ಇದರ ಎಳೆಗಳಲ್ಲಿ ನೂರಕ್ಕೆ ಸುಮಾರು ಎಂಬತ್ತು, ಒಳ ಅಂಗಗಳಿಂದ ಮಿದುಳಿಗೆ ಸುದ್ದಿಯನ್ನು ಒಯ್ಯುವಂಥವು. ಈ ನರವನ್ನು ವಿದ್ಯುತ್ತಿನಿಂದ ಆಗಾಗ ತಡೆದು ಹಸಿವೆಯನ್ನು ಕುಗ್ಗಿಸುವ ಉಪಕರಣವೊಂದಕ್ಕೆ 2015ರಲ್ಲಿ ಅಮೆರಿಕ ಅನುಮತಿ ನೀಡಿತು. ಅದರ ಪರೀಕ್ಷೆಯಲ್ಲಿ ಒಂದು ವರ್ಷದ ನಂತರ ಸ್ಥೂಲಕಾಯರ ದೇಹತೂಕ ಸರಾಸರಿ ಶೇಕಡಾ 9.2ರಷ್ಟು ಇಳಿದಿತ್ತು. ಹೋಲಿಕೆಗಾಗಿ, ನರಕ್ಕೆ ತಂತಿಯನ್ನು ಜೋಡಿಸದೆಯೇ ಉಪಕರಣವನ್ನಿರಿಸಿದ್ದವರಲ್ಲಿಯೂ ಶೇಕಡಾ 6ರಷ್ಟು ಇಳಿದಿತ್ತು! ವಿದ್ಯುತ್ತಿನ ಪಾಲು ಆ ಅಂತರದಷ್ಟೇ.

ಇಷ್ಟು ಜಾಣ ಉಪಾಯಕ್ಕೆ ಇಷ್ಟೇ ಫಲವೇ? ನರದ ದಾರಿಯನ್ನು ತಡೆದರೂ ರಕ್ತದ ದಾರಿ ತೆರೆದೇ ಇರುತ್ತದೆ. ದೇಹದ ಕೊಬ್ಬು ಲೆಪ್ಟಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆಂದು 1994ರಲ್ಲಿ ಗೊತ್ತಾಯಿತು. ತೂಕ ಇಳಿದಂತೆ ಲೆಪ್ಟಿನ್ ಕುಗ್ಗುತ್ತದೆ. ಹೈಪೊಥಲಮಸ್ ಅದನ್ನು ಬರಗಾಲದ ಸೂಚನೆಯೆಂದೇ ಗ್ರಹಿಸಿ ಹಸಿವೆಯನ್ನು ಮತ್ತೆ ಹೆಚ್ಚಿಸುತ್ತದೆ.