ಕಣಶಿಲೆಯ ಮನೆ, ಸೋರುವ ತಾರಸಿ

ಇಂಗ್ಲೆಂಡಿನ ಡೆವನ್ ಸೀಮೆಯಲ್ಲಿ, ಟೀನ್ ನದಿಯ ಕಣಿವೆಯ ಮೇಲಿನ ಬಂಡೆನೆತ್ತಿಯಲ್ಲಿ ಕ್ಯಾಸಲ್ ಡ್ರೋಗೊ ನಿಂತಿದೆ. ನೋಡಿದವರು ಏಳೆಂಟು ಶತಮಾನ ಹಿಂದಿನ ಕೋಟೆ ಎಂದುಕೊಳ್ಳುತ್ತಾರೆ. ಆದರೆ ಈ ಮನೆ ನಮ್ಮ ಮೈಸೂರು ಅರಮನೆಗಿಂತಲೂ ಕಿರಿಯದು.

ಕಟ್ಟಿಸಿದವರು ಜೂಲಿಯಸ್ ಡ್ರೂ. ಹೋಮ್ ಅಂಡ್ ಕಲೋನಿಯಲ್ ಸ್ಟೋರ್ಸ್ ಎಂಬ ದಿನಸಿ ಅಂಗಡಿಗಳಿಂದ ಸಂಪತ್ತು ಗಳಿಸಿ, 33ನೇ ವಯಸ್ಸಿಗೇ ವ್ಯಾಪಾರದ ನಿತ್ಯದ ಜಂಜಾಟ ಬಿಟ್ಟವರು. ಹಣವಿತ್ತು, ಮನೆತನದ ಹಿರಿಮೆ ಬೇಕಿತ್ತು. ವಂಶಾವಳಿ ಹುಡುಕಿದವರು ಡ್ರೋಗೊ ಎಂಬ ನಾರ್ಮನ್ ಸರದಾರನೇ ಮೂಲಪುರುಷ ಎಂದರು. ಅವನ ಹೆಸರು ಹೊತ್ತ ಹಳ್ಳಿಯ ಪಕ್ಕದಲ್ಲೇ ಡ್ರೂ ಜಮೀನು ಕೊಂಡರು. 1911ರ ಏಪ್ರಿಲ್ 4ರಂದು, ತಮ್ಮ 55ನೇ ಹುಟ್ಟುಹಬ್ಬದ ದಿನ, ಅಡಿಗಲ್ಲು ಇಟ್ಟರು.

ನಕ್ಷೆ ವಾಸ್ತುಶಿಲ್ಪಿ ಎಡ್ವಿನ್ ಲಟ್ಯೆನ್ಸ್ ಅವರದು. ಮರುವರ್ಷವೇ ಅವರಿಗೆ ಹೊಸದಿಲ್ಲಿಯ ಕೆಲಸವೂ ಬಂತು. ಅತ್ತ ರಾಯ್‌ಸಿನಾ ಗುಡ್ಡ, ಇತ್ತ ಡೆವನ್ನಿನ ಬಂಡೆ. ಎರಡೂ ಕೆಲಸ ಹೆಚ್ಚುಕಡಿಮೆ ಇಪ್ಪತ್ತು ವರ್ಷ ಜೊತೆಜೊತೆಗೇ ಸಾಗಿದವು. ಡ್ರೋಗೊದಲ್ಲಿ ಹೂಬಳ್ಳಿಯ ಕೆತ್ತನೆಗೆ ಅವರು ಮನಸೋಲಲಿಲ್ಲ. ಗೋಡೆಯ ನೇರ, ಮೂಲೆಯ ಚೂಪು, ಕಿಟಕಿಗಳ ನಡುವಣ ಕಲ್ಲುಕಂಬ, ಇಷ್ಟರಲ್ಲೇ ಚೆಲುವು ತಂದರು. ಅತಿ ಸುಂದರವಾದುದು ಅಡುಗೆಮನೆ. ಬೆಳಕು ನೆತ್ತಿಯ ದುಂಡನೆಯ ಗಾಜಿನಿಂದ ಇಳಿಯುತ್ತದೆ. ಅದರ ನೇರ ಕೆಳಗೆ ದುಂಡನೆಯದೇ ಮೇಜು. ಅಡುಗೆಯವರಿಗಾಗಿ ಇಷ್ಟು ಪ್ರೀತಿಯಿಂದ ಯೋಚಿಸಿದ ದೊಡ್ಡ ಮನೆಗಳು ವಿರಳ.

ಮೊದಲ ಮಹಾಯುದ್ಧ ಬಂತು, ಕಲ್ಲುಕುಟಿಗರು ರಣರಂಗಕ್ಕೆ ಹೋದರು. 1917ರಲ್ಲಿ ಡ್ರೂ ಅವರ ಹಿರಿಯ ಮಗ ಏಡ್ರಿಯನ್ ಈಪ್ರ್ ಬಳಿ ಮಡಿದ. ಅವನ ವಸ್ತುಗಳನ್ನು ತಾಯಿ ಒಂದು ಕೋಣೆಯಲ್ಲಿ ಜೋಪಾನವಾಗಿ ಕಾಪಾಡಿಟ್ಟರು. ಮೊದಲ ನಕ್ಷೆಯ ಸುಮಾರು ಮೂರನೇ ಒಂದು ಭಾಗ ಮಾತ್ರ ಮೇಲೆದ್ದು, 1930ರಲ್ಲಿ ಕೆಲಸ ಮುಗಿಯಿತು. ಮರುವರ್ಷ ಡ್ರೂ ತೀರಿಕೊಂಡರು.

ಆದರೆ ಮನೆ ಮೊದಲಿನಿಂದಲೂ ಸೋರುತ್ತಿತ್ತು! ಗೋಡೆಯ ಕಣಶಿಲೆ (ಗ್ರಾನೈಟ್) ನೀರನ್ನು ಅಷ್ಟಾಗಿ ಹೀರುವುದಿಲ್ಲ. ನೀರು ನುಗ್ಗುವುದು ಕಲ್ಲಿಗೂ ಕಲ್ಲಿಗೂ ನಡುವಿನ ಗಾರೆಯ ಸಂದಿನಲ್ಲಿ. ಮೇಲಿದ್ದುದು ಇಳಿಜಾರಿನ ಹೆಂಚಲ್ಲ, ಡಾಂಬರು ಬಳಿದ ಚಪ್ಪಟೆ ತಾರಸಿ. ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುವ ಕಟ್ಟಡದ ಮೇಲೆ ಡಾಂಬರು ಬಿರುಕುಬಿಟ್ಟಿತು. ತಾರಸಿ ಮನೆ ಕಟ್ಟಿಸಿ ಮಳೆಗಾಲ ಕಂಡ ನಮ್ಮವರಿಗೂ ಈ ಪಾಡು ಗೊತ್ತು.

1974ರಲ್ಲಿ ಕುಟುಂಬ ಮನೆಯನ್ನು ಪಾರಂಪರಿಕ ತಾಣಗಳ ರಕ್ಷಣಾ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ಗೆ ಒಪ್ಪಿಸಿತು. ದೊಡ್ಡ ದುರಸ್ತಿ ಶುರುವಾದದ್ದು 2013ರಲ್ಲಿ. ಎರಡು ಸಾವಿರಕ್ಕೂ ಹೆಚ್ಚು ಕಲ್ಲುಗಳನ್ನು ಮೇಲಿನಿಂದ ಎತ್ತಿ ಇಳಿಸಿ, ಹೊಸ ಜಲನಿರೋಧಕ ಹಾಳೆ ಹಾಸಿ, ಮತ್ತೆ ಕೂರಿಸಿದರು. ಒಂಬೈನೂರಕ್ಕೂ ಮಿಕ್ಕ ಕಿಟಕಿಗಳ ಸರದಿ ಅದರ ಜೊತೆಗೇ ಬಂತು.