ಮನೆಗೆ ಮೊದಲ ಹಾಯಿದೋಣಿ: ಆರಿಸುವ ಮುನ್ನ ಅರಿಯಬೇಕಾದುದು

ಕಳೆದ ಶ್ರಾವಣದಲ್ಲಿ ಇಂದಿರಾನಗರದ ಸದ್ಭಕ್ತರೊಬ್ಬರ ಮನೆಗೆ ಪೂಜೆಯ ನಿಮಿತ್ತ ಹೋಗಿದ್ದೆವು. ಪ್ರಸಾದ ಮುಗಿದು ಎಲೆ ಅಡಕೆಯ ತಟ್ಟೆ ಬಂದ ಹೊತ್ತಿಗೆ ಮನೆಯ ಯಜಮಾನರು, "ಶಾಸ್ತ್ರಿಗಳೇ, ನಮ್ಮ ಹುಡುಗನಿಗೆ ನೀವೇ ನಾಲ್ಕು ಮಾತು ಹೇಳಬೇಕು. ದೋಣಿ ಕೊಳ್ಳುತ್ತಾನಂತೆ!" ಎಂದರು. ಮಗನು ಎಂಜಿನಿಯರು. ಪರದೇಶದಲ್ಲಿ ಮೂರು ವರ್ಷ ಇದ್ದಾಗ, ಸರೋವರದ ಮೇಲೆ ಹಾಯಿ ಬಿಚ್ಚಿ ತೇಲುವ ಸುಖವನ್ನು ಕಂಡು ಬಂದವನು. ಭಾನುವಾರ ಹೆಂಡತಿ, ಮಗಳೊಡನೆ ನೀರಿಗಿಳಿಯಬೇಕು, ಸಂಜೆ ದೋಣಿಯನ್ನು ಕಾರಿನ ಹಿಂದೆ ಕಟ್ಟಿಕೊಂಡು ಮನೆಗೆ ಮರಳಬೇಕು ಎಂಬುದು ಅವನ ಆಸೆ. ಒಳಗೆ ಮಲಗಲು ಕೋಣೆಯೂ ಇದ್ದ ಇಪ್ಪತ್ತೆರಡು ಅಡಿಯ ದೋಣಿಯೊಂದರ ಚಿತ್ರವನ್ನು ನಮಗೆ ತೋರಿಸಿದನು.

ಯಜಮಾನರ ವಿರೋಧ ಹಣಕ್ಕಾಗಿ ಎಂದು ನಾವು ಮೊದಲು ಭಾವಿಸಿದೆವು. ಹಾಗಲ್ಲವೆಂಬುದು ಮನೆಯ ತಾಯಿಯವರು ಮೆಲ್ಲನೆ ಹೇಳಿದಾಗ ತಿಳಿಯಿತು. ಯಜಮಾನರ ತಮ್ಮ ಒಂಬತ್ತನೆಯ ವಯಸ್ಸಿನಲ್ಲಿ ಊರ ಕೆರೆಯಲ್ಲಿ ಮುಳುಗಿ ತೀರಿಹೋಗಿದ್ದನು. ಮೊಮ್ಮಗಳಿಗೆ ಈಗ ಅದೇ ವಯಸ್ಸು. ಇದನ್ನು ಕೇಳಿದ ಮೇಲೆ 'ಕೊಳ್ಳು' ಎನ್ನುವುದೂ 'ಬೇಡ' ಎನ್ನುವುದೂ ನಮ್ಮಿಂದಾಗಲಿಲ್ಲ. ಅಂಬಿಗರ ಚೌಡಯ್ಯನವರು ದೋಣಿ ನಡೆಸುವ ಕಾಯಕದ ಶರಣರೆಂಬುದನ್ನು ಬಿಟ್ಟರೆ ದೋಣಿಯ ವಿಷಯದಲ್ಲಿ ನಮಗೆ ಬೇರೇನೂ ತಿಳಿಯದು. ಕಾಯಕದ ಮರ್ಮವನ್ನು ಅದನ್ನು ಮಾಡಿದವರಿಂದಲೇ ಕೇಳಬೇಕು. ಆದುದರಿಂದ ತಂದೆ ಮಗ ಇಬ್ಬರನ್ನೂ ಕರೆದುಕೊಂಡು ಹಲಸೂರಿನಲ್ಲಿರುವ ನಮ್ಮ ಪರಿಚಯದ ನಿವೃತ್ತ ಸುಬೇದಾರರೊಬ್ಬರ ಬಳಿಗೆ ಹೋದೆವು. ಅಲ್ಲಿ ಕಲಿತುದನ್ನು, ಇಂಥ ಆಸೆಯಿರುವ ಇತರ ಮನೆಗಳಿಗೂ ಉಪಯೋಗವಾಗಲೆಂದು ಇಲ್ಲಿ ನಿವೇದಿಸುತ್ತಿದ್ದೇವೆ.

ನೀರು ಮೊದಲು, ದೋಣಿ ಆಮೇಲೆ

ಸುಬೇದಾರರು ದೋಣಿಯ ಚಿತ್ರವನ್ನು ನೋಡಲೇ ಇಲ್ಲ. "ಇದನ್ನು ಎಲ್ಲಿ ಇಳಿಸುತ್ತೀಯಪ್ಪ?" ಎಂದು ಕೇಳಿದರು. ಹುಡುಗನಲ್ಲಿ ಉತ್ತರವಿರಲಿಲ್ಲ.

ಹಲಸೂರು ಕೆರೆ ಸುಮಾರು 50 ಹೆಕ್ಟೇರು ವಿಸ್ತಾರದ್ದು; ಕೆಂಪೇಗೌಡರ ಮನೆತನದ ಕಾಲದಿಂದ ಬಂದುದು. ಅದರ ಮಗ್ಗುಲಲ್ಲೇ ಮದ್ರಾಸ್ ಎಂಜಿನಿಯರ್ ಗ್ರೂಪಿನ ಕೇಂದ್ರವಿದೆ. ಆ ಸೈನಿಕರು ನೀರಿನ ಅಭ್ಯಾಸಕ್ಕೆ ಈ ಕೆರೆಯನ್ನು ಬಳಸುತ್ತ ಬಂದಿದ್ದಾರೆ. ಸೇನೆಯ ಎಂಜಿನಿಯರುಗಳಿಗೂ ಹಾಯಿಗೂ ಇರುವ ನಂಟು ಸಣ್ಣದಲ್ಲ. 'ತೃಷ್ಣಾ' ಎಂಬ ಹಾಯಿನೌಕೆಯಲ್ಲಿ 1985ರಿಂದ 1987ರವರೆಗೆ ಭೂಮಂಡಲವನ್ನೇ ಸುತ್ತಿಬಂದ ಮೊದಲ ಭಾರತೀಯರು ಆ ದಳದವರೇ. ಆದರೆ ಗೃಹಸ್ಥನು ತನ್ನ ದೋಣಿಯನ್ನು ಇಷ್ಟಬಂದಾಗ ತಂದು ಇಳಿಸುವ ಜಾಗ ಹಲಸೂರು ಕೆರೆಯಲ್ಲ. ಪೂರ್ವದಲ್ಲಿ ಕೃಷ್ಣರಾಜಪುರದಾಚೆ ಹಳೆಯ ಮದರಾಸು ರಸ್ತೆಯ ಬಳಿ ಎಲೆ ಮಲ್ಲಪ್ಪ ಶೆಟ್ಟರ ಹೆಸರಿನ ಕೆರೆಯಿದೆ. ಅಲ್ಲಿ ನೀರಿನಷ್ಟೇ ಕಳೆಯೂ ಇದೆ. ನಗರಕ್ಕೆ ಕುಡಿಯುವ ನೀರು ಕೊಡುವ ಜಲಾಶಯಗಳಲ್ಲಿ ದೋಣಿಯ ಮಾತೇ ಸಲ್ಲದು.

ಹೀಗಾಗಿ ಹಾಯಿ ಬಿಚ್ಚಲು ತಕ್ಕ ನೀರು ನಮಗೆ ದೊರೆಯುವುದು ದೂರದಲ್ಲಿ. ಇಂದಿರಾನಗರದಿಂದ ಸುಮಾರು 150 ಕಿಲೋಮೀಟರ್ ದೂರದ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ರಾಯಲ್ ಮೈಸೂರು ಸೈಲಿಂಗ್ ಕ್ಲಬ್ ಇದೆ. ಸಂಸ್ಥೆಯ ಆಶ್ರಯವಿದ್ದರೆ ಅನುಮತಿ, ಇಳಿದಾಣ, ಅಪಾಯದಲ್ಲಿ ಕೈಕೊಡುವ ಮತ್ತೊಂದು ದೋಣಿ, ಕಲಿಸುವ ಗುರು ಎಲ್ಲವೂ ಒಂದೆಡೆ ಸಿಗುತ್ತವೆ. ಜಲಾಶಯದ ಗುಣವನ್ನೂ ಅರಿಯಬೇಕು. ಕನ್ನಂಬಾಡಿಯ ಪೂರ್ಣ ಮಟ್ಟ 124.80 ಅಡಿ. ಬೇಸಗೆಯಲ್ಲಿ ನೀರು ಬಹಳ ಕೆಳಗಿಳಿದು, ಮಳೆಗಾಲದಲ್ಲಿ ನೀರಿನಂಚು ಇದ್ದಲ್ಲಿ ಕೆಸರೂ ಕಲ್ಲೂ ತೇಲುತ್ತವೆ. ಭಾರವಾದ ದೋಣಿ ಅಲ್ಲಿ ಹೂತುಹೋಗುತ್ತದೆ. ಹಗುರವಾದುದನ್ನು ಇಬ್ಬರು ಹಿಡಿದು ನೀರಿಗೆ ಒಯ್ಯಬಹುದು. ಇಳಿಸುವ ಜಾಗವೇ ದೋಣಿಯ ತೂಕವನ್ನು ನಿರ್ಣಯಿಸುತ್ತದೆ.

ಗೃಹಸ್ಥರಿಗಾಗಿ ಹುಟ್ಟಿದ ದೋಣಿಗಳು

ಹಾಯಿದೋಣಿ ಸಿರಿವಂತರ ವಿಲಾಸವೆಂಬ ಭಾವನೆ ನಮ್ಮಲ್ಲಿಯೂ ಇತ್ತು. ಎರಡನೆಯ ಮಹಾಯುದ್ಧದ ಅನಂತರ ಇಂಗ್ಲೆಂಡಿನಲ್ಲಿ ಜ್ಯಾಕ್ ಹೋಲ್ಟ್ ಎಂಬ ಶಿಲ್ಪಿ ಈ ಭಾವನೆಯನ್ನು ಮುರಿದನು. ಪ್ಲೈವುಡ್ಡಿನಿಂದ, ಸಾಮಾನ್ಯ ಸಂಸಾರದವರು ತಮ್ಮ ಸಣ್ಣ ಕಾರಿನ ಹಿಂದೆ ಎಳೆದೊಯ್ಯಬಲ್ಲ ದೋಣಿಗಳನ್ನು ರೂಪಿಸಿದನು. 1949ರ ಜಿಪಿ-14 ಹದಿನಾಲ್ಕು ಅಡಿಯದು. ಒಡಲಿನ ತೂಕ ಸುಮಾರು 133 ಕಿಲೋ. ಹಾಯಿಯಿಂದಲೂ ಹುಟ್ಟಿನಿಂದಲೂ ನಡೆಯುತ್ತದೆ, ಸಮಾಧಾನದ ಸ್ವಭಾವ. 1956ರ ಎಂಟರ್‌ಪ್ರೈಸ್ 4.04 ಮೀಟರ್ ಉದ್ದ, ಸುಮಾರು 90 ಕಿಲೋ. ನೀಲಿ ಹಾಯಿಯ ಈ ದೋಣಿ ಭಾರತದ ಹಾಯಿ ಕ್ಲಬ್ಬುಗಳಿಗೆ ಬಹುಕಾಲದಿಂದ ಪರಿಚಿತ. ಚುರುಕು ಹೆಚ್ಚು, ಮಗುಚಿದರೆ ಒಳಗೆ ಬಹಳ ನೀರು ತುಂಬಿಕೊಳ್ಳುತ್ತದೆ. 1963ರಲ್ಲಿ ಬಂದ ಮಿರರ್ 3.3 ಮೀಟರ್ ಉದ್ದ, 45 ಕಿಲೋ ಚಿಲ್ಲರೆ. ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿದು, ಸಂದುಗಳಿಗೆ ಗಾಜಿನ ನಾರಿನ ಪಟ್ಟಿಯನ್ನೂ ಅಂಟನ್ನೂ ಮೆತ್ತಿ ಜನರು ಇದನ್ನು ಮನೆಯಲ್ಲೇ ಕಟ್ಟಿಕೊಂಡರು.

ಒಬ್ಬರೇ ನಡೆಸುವುದಾದರೆ ಲೇಸರ್ ಇದೆ. ಈಗ ಅದಕ್ಕೆ ಇಲ್ಕಾ ಎಂಬ ಹೆಸರು. 4.23 ಮೀಟರ್ ಉದ್ದ, ಒಡಲು 59 ಕಿಲೋ. ಹಾಯಿ ಮಾತ್ರ ದೊಡ್ಡದು, ನಡುವಣದು, ಚಿಕ್ಕದು ಎಂದು ಮೂರು ಅಳತೆಗಳಲ್ಲಿ ದೊರೆಯುವುದರಿಂದ ಮೈತೂಕಕ್ಕೆ ಹೊಂದಿಸಿಕೊಳ್ಳಬಹುದು. ನಡುವಣ ಹಾಯಿಯ ಇದೇ ದೋಣಿಯಲ್ಲಿ ಚೆನ್ನೈನ ನೇತ್ರಾ ಕುಮನನ್ ಎಂಬ ತರುಣಿ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿಗೆ ಹೋಗಿದ್ದಳು. ಮಕ್ಕಳಿಗಾದರೆ 2.3 ಮೀಟರಿನ, 35 ಕಿಲೋ ತೂಕದ ಆಪ್ಟಿಮಿಸ್ಟ್. ಅದರ ಸ್ಪರ್ಧೆಗಳು ಹದಿನೈದು ವರ್ಷದವರೆಗಿನವರಿಗೆ.

ಇಪ್ಪತ್ತೆರಡು ಅಡಿಯ ಕೋಣೆಯ ದೋಣಿಯ ಮಾತೇನು? ಅದರ ತೂಕವನ್ನು ನೂರರಲ್ಲಲ್ಲ, ಸಾವಿರ ಕಿಲೋಗಳ ಆಸುಪಾಸಿನಲ್ಲಿ ಎಣಿಸಬೇಕು. ಎಳೆಯಲು ಬಲವಾದ ವಾಹನ, ಇಳಿಸಲು ಕಾಂಕ್ರೀಟಿನ ಇಳಿಜಾರು, ಕೂವೆಮರ ನಿಲ್ಲಿಸಲು ನಾಲ್ಕು ಜನ ಬೇಕು. ಬೆಳಗ್ಗೆ ಹೋಗಿ ಸಂಜೆ ಬರುವವರಿಗೆ ಮಲಗುವ ಕೋಣೆ ಏತಕ್ಕೆ? "ದೊಡ್ಡ ದೋಣಿ ವರ್ಷಕ್ಕೆ ಎರಡು ಸಲ ನೀರು ಕಾಣುತ್ತೆ. ಸಣ್ಣದು ಇಪ್ಪತ್ತು ಸಲ ಕಾಣುತ್ತೆ. ಕಲಿಯೋದು ಯಾವುದರಲ್ಲಿ?" ಎಂದು ಸುಬೇದಾರರು ಕೇಳಿದರು. ಇಬ್ಬರು ಅರ್ಧ ಗಂಟೆಯಲ್ಲಿ ಸಜ್ಜುಗೊಳಿಸಿ ನೀರಿಗಿಳಿಸಬಲ್ಲುದೇ ಮೊದಲ ದೋಣಿ. ಈ ಒಂದು ಮಾತನ್ನು ಓದುಗರು ಮನಸ್ಸಿನಲ್ಲಿಡಬೇಕು.

ಇನ್ನೊಂದು ಲಕ್ಷಣ ನಡುಹಲಗೆ. ದೋಣಿ ಪಕ್ಕಕ್ಕೆ ಜಾರದಂತೆ ನೀರಿನಲ್ಲಿ ಇಳಿದು ನಿಲ್ಲುವ ಹಲಗೆಯಿದು. ಅದು ಮೇಲಕ್ಕೆ ಎತ್ತಿಕೊಳ್ಳುವಂಥದಾಗಿರಬೇಕು. ಎತ್ತಿದರೆ ದೋಣಿ ಮೊಣಕಾಲುದ್ದದ ನೀರಿನಲ್ಲೂ ತೇಲುತ್ತದೆ, ಗಾಲಿಯ ಬಂಡಿಯ ಮೇಲೂ ತಗ್ಗಾಗಿ ಕೂರುತ್ತದೆ. ಹಾಯಿಯನ್ನು ಮಡಿಸಿ ಕಿರಿದು ಮಾಡುವ ಏರ್ಪಾಡೂ ಅವಶ್ಯ. ಗಾಳಿಯ ವೇಗ ಎರಡರಷ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕರಷ್ಟಾಗುತ್ತದೆ. ಜೂನ್, ಜುಲೈ ತಿಂಗಳ ಪಡುವಣ ಗಾಳಿಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗಾಲಿಯ ಬಂಡಿಯೂ ದೋಣಿಯ ಪಾಲೇ

ದೋಣಿಯನ್ನು ಎಳೆದೊಯ್ಯುವ ಟ್ರೇಲರನ್ನು ಅನೇಕರು ಕೊನೆಗೆ ನೆನೆಯುತ್ತಾರೆ. 1988ರ ಮೋಟಾರು ವಾಹನ ಕಾಯ್ದೆಯಂತೆ ಟ್ರೇಲರೂ ಒಂದು ವಾಹನವೇ. ಅದಕ್ಕೂ ನೋಂದಣಿ ಬೇಕು. ಶಿವಾಜಿನಗರದ ಗುಜರಿಯಲ್ಲಿ ಗಾಲಿ, ಸ್ಪ್ರಿಂಗುಗಳನ್ನು ಕೊಂಡು ಬೆಸುಗೆ ಹಾಕಿಸಿಬಿಟ್ಟರೆ ಕೆಲಸ ಮುಗಿಯದು. ಕಾರಿನ ಕೈಪಿಡಿಯಲ್ಲಿ ಎಷ್ಟು ಭಾರ ಎಳೆಯಬಹುದೆಂದು ಬರೆದಿದೆಯೋ ನೋಡಬೇಕು. ಬರೆದಿಲ್ಲವಾದರೆ ಕಂಪನಿಯವರನ್ನು ಕೇಳದೆ ಎಳೆಯಬಾರದು. ಒಟ್ಟು ಭಾರದ ಹತ್ತರಲ್ಲೊಂದು ಪಾಲಿನಷ್ಟು ಕೊಂಡಿಯ ಮೇಲೆ ಬೀಳುವಂತೆ ದೋಣಿಯನ್ನು ಕೂರಿಸಬೇಕು. ಭಾರ ಹಿಂದಕ್ಕಾದರೆ ಬಂಡಿ ಹೆದ್ದಾರಿಯಲ್ಲಿ ಬಾಲದಂತೆ ಓಲಾಡುತ್ತದೆ. ದೂರದಿಂದ ಬಂದ ಕೂಡಲೆ ಬಿಸಿಯಾದ ಗಾಲಿಯ ಬೇರಿಂಗುಗಳನ್ನು ನೀರಿಗೆ ಅದ್ದಬಾರದು. ಆರಲು ಬಿಟ್ಟು, ಹಿಂದಿರುಗಿದ ಮೇಲೆ ಗ್ರೀಸು ಹಚ್ಚಬೇಕು. ತಿಂಗಳಿಗೊಮ್ಮೆ ಹೋಗುವವರು ಬಾಡಿಗೆಯ ಟೆಂಪೋದಲ್ಲಿ ದೋಣಿಯನ್ನು ಸಾಗಿಸುವುದೂ, ಕ್ಲಬ್ಬಿನ ಅಂಗಳದಲ್ಲೇ ಇರಿಸುವುದೂ ಅಗ್ಗವಾದೀತು.

ಹಳೆಯ ದೋಣಿಯ ಪರೀಕ್ಷೆ

ಮೊದಲ ದೋಣಿ ಹಳೆಯದಾದರೆ ಸಾಕು. ಕಲಿಯುವಾಗ ಅದು ದಡಕ್ಕೆ ತಾಗುತ್ತದೆ, ತರಚುತ್ತದೆ. ಆದರೆ ನೋಡಿ ಕೊಳ್ಳಬೇಕು. ಒಡಲನ್ನು ಬೆರಳ ಗೆಣ್ಣಿನಿಂದ ತಟ್ಟುತ್ತ ಹೋದರೆ ಗಟ್ಟಿಯಿದ್ದಲ್ಲಿ ಟಣ್ಣೆನ್ನುತ್ತದೆ, ಪದರ ಬಿಟ್ಟಲ್ಲಿ ಮಂಕಾಗಿ ನುಡಿಯುತ್ತದೆ; ಹಲಸು ಕೊಳ್ಳುವಾಗ ನಮ್ಮ ಹಿರಿಯರು ಮಾಡುತ್ತಿದ್ದುದೂ ಇದನ್ನೇ. ಕೂವೆಮರದ ಬುಡ, ನಡುಹಲಗೆಯ ಗೂಡು, ಚುಕ್ಕಾಣಿಯ ತಿರುಗಣೆ ಈ ಮೂರು ಕಡೆ ಬಿರುಕು ಹುಡುಕಬೇಕು. ದೋಣಿಯನ್ನು ತೂಗಿಸಬೇಕು. ಇರಬೇಕಾದ ತೂಕಕ್ಕಿಂತ ಬಹಳ ಹೆಚ್ಚಿದ್ದರೆ ಒಳಗೆ ನೀರು ಸೇರಿದೆಯೆಂದೇ ಅರ್ಥ. ಮುಳುಗದಂತೆ ಕಾಯುವ ಗಾಳಿಯ ತೊಟ್ಟಿಗಳು ಸೋರುತ್ತಿದ್ದರೆ, ಬೆಲೆ ಎಷ್ಟೇ ಇಳಿದರೂ ಕೊಳ್ಳಬಾರದು. ತೆಗೆದಿಟ್ಟ ಹಣದಲ್ಲಿ ಮೂರರಲ್ಲೊಂದು ಪಾಲನ್ನು ಬಂಡಿ, ಹಗ್ಗ, ಲೈಫ್ ಜಾಕೆಟ್ಟುಗಳಿಗಾಗಿ ಮುಟ್ಟದೆ ಉಳಿಸಿಕೊಳ್ಳುವುದು ಜಾಣತನ.

ಜೀವದ ಮಾತು

ಇಷ್ಟನ್ನೂ ಸುಮ್ಮನೆ ಕೇಳುತ್ತಿದ್ದ ಯಜಮಾನರು ಕೊನೆಗೆ, "ಮಗುಚಿದರೆ?" ಎಂದು ಒಂದೇ ಮಾತು ಕೇಳಿದರು.

"ಮಗುಚುತ್ತೆ, ಯಜಮಾನರೇ. ಮಗುಚದ ಸಣ್ಣ ದೋಣಿ ಇಲ್ಲ" ಎಂದರು ಸುಬೇದಾರರು. ದೋಣಿ ಮಗುಚುವುದು ಅನಾಹುತವಲ್ಲ; ಮಗುಚಿದಾಗ ಮಾಡಬೇಕಾದುದು ತಿಳಿಯದಿರುವುದು ಅನಾಹುತ. ದೋಣಿಯನ್ನು ಬಿಟ್ಟು ದಡಕ್ಕೆ ಈಜಬಾರದು. ದಡ ಹತ್ತಿರ ಕಂಡರೂ ದೂರವಿರುತ್ತದೆ. ತೇಲುವ ದೋಣಿಯೇ ಆಸರೆ. ನಡುಹಲಗೆಯ ಮೇಲೆ ನಿಂತು, ಒಡಲಿನ ಅಂಚನ್ನು ಹಿಡಿದು ಮೈಭಾರ ಹಾಕಿದರೆ ಹಾಯಿ ನೀರಿನಿಂದ ಏಳುತ್ತದೆ. ಮನೆಯವರು ತಾವೇ ಹೀಗೆ ಎತ್ತಲಾರದ ದೋಣಿ ಆ ಮನೆಗೆ ತಕ್ಕ ದೋಣಿಯಲ್ಲ. ಈಜು ಬಲ್ಲವರೂ ಜಾಕೆಟ್ಟು ತೊಡಬೇಕು. ಮಕ್ಕಳದು ಅವರ ತೂಕಕ್ಕೆ ಸರಿಯಾದುದಿರಬೇಕು, ಮುಂದೆ ಬೆಳೆಯುತ್ತಾರೆಂದು ದೊಡ್ಡದನ್ನು ಕೊಳ್ಳಬಾರದು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಗುಡುಗಿನ ಮೋಡ ಕಟ್ಟುವ ಮೊದಲೇ ದಡ ಸೇರಬೇಕು. ಅಲ್ಯೂಮಿನಿಯಮ್ಮಿನ ಕೂವೆಮರವನ್ನು ನಿಲ್ಲಿಸಿ ದೋಣಿಯನ್ನು ತಳ್ಳುವಾಗ ತಲೆಯ ಮೇಲೆ ವಿದ್ಯುತ್ ತಂತಿಯಿದೆಯೇ ಎಂದು ಪ್ರತಿಸಲವೂ ನೋಡಬೇಕು. ನೀರಿಗಿಂತ ಬೇಗ ಕೊಲ್ಲುವುದು ಅದು.

ಹುಡುಗನು ಆ ಚಿತ್ರವನ್ನು ಮತ್ತೆ ತೆಗೆಯಲಿಲ್ಲ. ಎರಡು ತಿಂಗಳು ತಾನೂ ಹೆಂಡತಿಯೂ ಪಾಠ ಕಲಿತು, ಮಗಳನ್ನು ಈಜಿಗೆ ಸೇರಿಸಿ, ಆಮೇಲೆ ಹದಿನಾಲ್ಕು ಅಡಿಯ ಹಳೆಯ ಫೈಬರ್‌ಗ್ಲಾಸ್ ದೋಣಿಯೊಂದನ್ನು ಕೊಂಡನು. ಕಾರ್ತಿಕದ ಒಂದು ಭಾನುವಾರ ಹಿನ್ನೀರಿಗೆ ನಮ್ಮನ್ನೂ ಕರೆದೊಯ್ದರು. ಯಜಮಾನರು ದಡದ ಕಲ್ಲಿನ ಮೇಲೆ ಕುಳಿತರು. ಅವರ ಕಣ್ಣೆದುರಿಗೇ ಮಗನೂ ಸೊಸೆಯೂ ದೋಣಿಯನ್ನು ಬೇಕೆಂದೇ ಐದು ಸಲ ಮಗುಚಿ, ಐದು ಸಲ ಎತ್ತಿದರು. ಮೊದಲ ಸಲ ಯಜಮಾನರು ಎದ್ದು ನಿಂತರು. ಐದನೆಯ ಸಲ ಕುಳಿತೇ ಇದ್ದರು.

ಅನಂತರ ಮೊಮ್ಮಗಳನ್ನು ಹತ್ತಿರ ಕರೆದು, ಜಾಕೆಟ್ಟಿನ ಪಟ್ಟಿಗಳನ್ನು ಒಂದೊಂದಾಗಿ ತಾವೇ ಬಿಗಿದು, ಎಳೆದು ನೋಡಿ, "ಹೋಗಿ ಬಾ ತಾಯಿ" ಎಂದರು. ತಾವು ಹತ್ತುವಿರಾ ಎಂದು ನಾವು ಕೇಳಿದೆವು. ಈ ಸಲ ಬೇಡ, ಮುಂದಿನ ಸಲ ನೋಡೋಣ ಎಂದರು.