ಕೈ ಹಿಡಿದ ಕೆಲಸಗಳು: ಕೌದಿ, ಹೊಲಿಗೆ, ಹೆಣಿಗೆ ಮತ್ತು ನಮ್ಮ ಆರೋಗ್ಯ

(ಸಂಘದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ವೈದ್ಯರನ್ನು ಉಪನ್ಯಾಸಕ್ಕೆ ಕರೆದರೆ ಅವರು ರಕ್ತದ ಒತ್ತಡವನ್ನೋ ಸಕ್ಕರೆ ಕಾಯಿಲೆಯನ್ನೋ ಕುರಿತು ಮಾತನಾಡುವುದು ವಾಡಿಕೆ. ಇಂದಿನ ವಿಷಯ ಸೂಜಿ-ದಾರವೆಂದು ಕೇಳಿ ಹಲವರು ಮುಗುಳ್ನಕ್ಕಿರಬಹುದು. ಆದರೆ ನಮ್ಮ ಚಿಕಿತ್ಸಾಲಯಕ್ಕೆ ಕೈನೋವು, ಕತ್ತುನೋವು, ಕಣ್ಣಿನ ಆಯಾಸವೆಂದು ಬರುವ ಗೃಹಿಣಿಯರನ್ನು ಸ್ವಲ್ಪ ಸಾವಕಾಶವಾಗಿ ಮಾತನಾಡಿಸಿದರೆ, ಎಷ್ಟೋ ಸಲ ಮಾತಿನ ಕೊನೆಯಲ್ಲಿ ಒಂದು ಸ್ವೆಟರೋ ರವಿಕೆಯೋ ಕೌದಿಯೋ ಹೊರಬೀಳುತ್ತದೆ. ಆದ್ದರಿಂದ ಈ ವಿಷಯ ವೈದ್ಯಕೀಯಕ್ಕೆ ಹೊರತಾದದ್ದಲ್ಲ.

ನಾವು ವಾಸಿಸುವ ಹಿದ್ ಪಟ್ಟಣವು ಮುಹರ‍್ರಕ್ ದ್ವೀಪದ ಆಗ್ನೇಯ ಭಾಗದಲ್ಲಿದೆ. 2009ರಲ್ಲಿ ಆರಂಭವಾದ ಖಲೀಫಾ ಬಿನ್ ಸಲ್ಮಾನ್ ಬಂದರಿನಿಂದಾಗಿ ಇಂದು ಎಲ್ಲರಿಗೂ ಪರಿಚಿತವಾದ ಈ ಊರು ಹಿಂದೆ ಮೀನುಗಾರರದೂ ಮುತ್ತು ತೆಗೆಯುವವರದೂ ಆಗಿತ್ತು. ಬೇಸಗೆಯ ಸುಮಾರು ನಾಲ್ಕು ತಿಂಗಳು ಗಂಡಸರು ಮುತ್ತಿನ ದೋಣಿಗಳಲ್ಲಿ ಸಮುದ್ರಕ್ಕೆ ಹೋದಾಗ ಮನೆಯ ಭಾರವೆಲ್ಲ ಹೆಂಗಸರ ಮೇಲೆ ಬೀಳುತ್ತಿತ್ತು. ಇಂದಿನ ಬೇಸಗೆಯಲ್ಲಿ ನಾವೆಲ್ಲರೂ ಬಾಗಿಲು ಮುಚ್ಚಿ ಹವಾನಿಯಂತ್ರಕದ ಕೆಳಗೆ ಕುಳಿತುಕೊಳ್ಳುತ್ತೇವೆ. ಹೊರಗೆ ನಲವತ್ತು ಡಿಗ್ರಿ ದಾಟಿದ ಬಿಸಿಲು, ಒಳಗೆ ಕೌದಿ ಹೊದೆಯುವಷ್ಟು ಚಳಿ! ಹೀಗೆ ತಿಂಗಳುಗಟ್ಟಲೆ ಒಳಗೇ ಇರುವ ಮನೆಯಲ್ಲಿ ಕೈಗೆ ಕೆಲಸ ಬೇಕೆನಿಸುವುದು ಸಹಜ. ಒಂದು ಕೆಲಸ ಸಾಲದೆ ಎರಡು, ಎರಡು ಸಾಲದೆ ಮೂರು ಆರಂಭವಾಗುವುದೂ ಸಹಜ.

ನಮ್ಮ ಮನೆಯಲ್ಲಿ ಈ ಮೂರೂ ಕೆಲಸಗಳು ಮೂರು ಊರುಗಳಿಂದ ಬಂದವು. ಕೌದಿ ಧಾರವಾಡದ್ದು, ನಮ್ಮ ತಾಯಿಯವರಿಂದ ನಮ್ಮ ಮನೆಯವರಿಗೆ ಬಂದದ್ದು. ಉಣ್ಣೆಯ ಹೆಣಿಗೆ ಐರ್ಲೆಂಡಿನದು. ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ನಾವು ಉನ್ನತ ತರಬೇತಿಗಾಗಿ ಅಲ್ಲಿಗೆ ಹೋಗಿದ್ದಾಗ, ರಾತ್ರಿ ಪಾಳಿಯಲ್ಲಿ ನಾವು ಆಸ್ಪತ್ರೆಯಲ್ಲಿರುವ ಹೊತ್ತು ಮನೆಯವರು ನೆರೆಯ ವೃದ್ಧೆಯೊಬ್ಬರಿಂದ ಅದನ್ನು ಕಲಿತರು. ಯಂತ್ರದ ಹೊಲಿಗೆ ಬಹರೈನಿಗೆ ಬಂದ ಮೇಲಿನದು.

ಕೌದಿಯನ್ನು ಕುರಿತು ಇಲ್ಲಿ ಹುಟ್ಟಿ ಬೆಳೆದ ಮಕ್ಕಳಿಗಾಗಿ ಎರಡು ಮಾತು ಹೇಳಬೇಕು. ಉತ್ತರ ಕರ್ನಾಟಕದ ಮನೆಗಳಲ್ಲಿ ಉಟ್ಟು ಹಳತಾದ ಇಳಕಲ್ಲ ಸೀರೆ, ಧೋತರ, ಮಕ್ಕಳ ಅಂಗಿಗಳನ್ನು ಎಸೆಯುವುದಿಲ್ಲ. ಅವನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು, ಅಂಚಿನಿಂದ ಅಂಚಿಗೆ ಸಾಲುಸಾಲಾಗಿ ಕೈಹೊಲಿಗೆ ಹಾಕುತ್ತಾರೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗಗಳಲ್ಲಿರುವ ಸಿದ್ದಿ ಸಮುದಾಯದ ಹೆಂಗಸರ ಕೌದಿಗಳು ಇಂದು ದೇಶಾಂತರಗಳಲ್ಲಿ ಹೆಸರಾಗಿವೆ. ಆಫ್ರಿಕಾ ಮೂಲದ ಈ ಜನರ ಕಲೆಯನ್ನು ಅಧ್ಯಯನ ಮಾಡಿದ ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂಯಲ್ ಅವರ ನೆರವಿನಿಂದ 2004ರಲ್ಲಿ ಸಿದ್ದಿ ಮಹಿಳೆಯರದೇ ಒಂದು ಕೌದಿ ಸಹಕಾರ ಕೂಟ ಆರಂಭವಾಯಿತು. ಇವರು ಅಂಚಿನಿಂದ ಆರಂಭಿಸಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ಬಟ್ಟೆಯನ್ನು ಮಡಚಿ ಮಾಡಿದ ‘ಫೂಲ’, ಅಂದರೆ ಹೂವು, ಕೂರುವವರೆಗೆ ಕೌದಿ ಮುಗಿದಂತಲ್ಲ.

ನಮ್ಮ ಮನೆಯಲ್ಲಿ ಬೇರೆಯೇ ಒಂದು ಪದ್ಧತಿಯಿತ್ತು. ಹೊಲಿಗೆಯೆಲ್ಲ ಮುಗಿದರೂ ತಾಯಿಯವರು ನಡುವೆ ಬೆರಳು ತೂರುವಷ್ಟು ಜಾಗ ಬಿಡುತ್ತಿದ್ದರು. ಒಳ್ಳೆಯ ದಿನ ನೋಡಿ ಅದರೊಳಗೆ ಒಂದು ಚೂರು ರೊಟ್ಟಿ, ನಾಲ್ಕು ಕಾಳು ಅಕ್ಕಿ ಇಟ್ಟು ಹೊಲಿದುಬಿಡುತ್ತಿದ್ದರು. ಇದಕ್ಕೆ ‘ಕೌದಿಯ ಹೊಟ್ಟಿ ತುಂಬಸೂದು’ ಎನ್ನುತ್ತಿದ್ದರು. ಹೊದ್ದವರು ಹಸಿದು ಮಲಗಬಾರದೆಂಬುದು ಅದರ ಆಶಯ. ವರ್ಷಗಟ್ಟಲೆ ಹೊಟ್ಟೆ ತುಂಬದೆ ಉಳಿದ ಕೌದಿಗಳೂ ಮನೆಯಲ್ಲಿರುತ್ತಿದ್ದವು. ಯಾರಾದರೂ ಕೇಳಿದರೆ, “ಕೌದಿಗೆ ಅವಸರ ಮಾಡಬ್ಯಾಡ್ರಿ, ಅದು ತನ್ನಷ್ಟಕ್ಕ ಬೆಳೀತೈತಿ” ಎನ್ನುತ್ತಿದ್ದರು.

ಈ ಮಾತನ್ನು ನಾವು ಮರೆತದ್ದರ ಫಲವನ್ನು ಈಗ ಹೇಳಬೇಕು.

ಎರಡು ವರ್ಷಗಳ ಹಿಂದೆ ಕೆನಡಾದಲ್ಲಿರುವ ನಮ್ಮ ಮಗಳು ಗರ್ಭಿಣಿಯಾದ ಸುದ್ದಿ ಬಂದಿತು. ಹೆರಿಗೆ ಜನವರಿಯಲ್ಲಿ. ಮನೆಯವರು ಆ ದಿನವೇ ಮೂರು ಕೆಲಸಗಳನ್ನು ಕೈಗೆತ್ತಿಕೊಂಡರು: ಕೂಸಿಗೆ ಒಂದು ಪುಟ್ಟ ಕೌದಿ, ಉಣ್ಣೆಯ ಟೊಪ್ಪಿಗೆ ಮತ್ತು ಸ್ವೆಟರು, ಮಗಳಿಗೆ ಕಸೂತಿ ಹಾಕಿದ ಒಂದು ಸೀರೆ. ಮೂರೂ ಡಿಸೆಂಬರಿನಲ್ಲಿ ವಿಮಾನ ಹತ್ತುವ ಮುನ್ನ ಮುಗಿಯಬೇಕು. ಒಂದರಲ್ಲಿ ದಣಿವಾದರೆ ಇನ್ನೊಂದನ್ನು ಹಿಡಿಯುವುದು, ಅದರಲ್ಲಿ ಬೇಸರವಾದರೆ ಮತ್ತೊಂದು. ಕೆಲಸ ಬದಲಾದರೆ ವಿಶ್ರಾಂತಿಯಲ್ಲವೇ ಎಂಬುದು ಅವರ ವಾದವಾಗಿತ್ತು. ನಾವೂ ಅದನ್ನು ಒಪ್ಪಿದ್ದೆವು.

ನವೆಂಬರಿನಲ್ಲಿ ಒಂದು ಬೆಳಗ್ಗೆ ಹಾಲಿನ ಪಾತ್ರೆ ಅವರ ಕೈಯಿಂದ ಜಾರಿ ಬಿತ್ತು. ಕೇಳಿದರೆ, “ಏನೂ ಇಲ್ಲ ಬಿಡ್ರಿ, ಜರಾ ಕೈ ಹಿಡದೈತಿ” ಎಂದರು. ವಿಚಾರಿಸಿದಾಗ ಆ ‘ಜರಾ’ ಆರು ವಾರಗಳದ್ದೆಂದು ತಿಳಿಯಿತು. ದಿನವೂ ಹತ್ತಾರು ಜನರ ಕೈ ಹಿಡಿದು ಪರೀಕ್ಷಿಸುವ ನಾವು ಮನೆಯ ಕೈಯನ್ನು ನೋಡಿರಲಿಲ್ಲ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ ಮಣಿಕಟ್ಟನ್ನು ಕಿರುಬೆರಳಿನ ಕಡೆಗೆ ಬಾಗಿಸಿದೊಡನೆ ಅವರು ಚೀರಿದರು.

ಈ ಕಾಯಿಲೆಗೆ, 1895ರಲ್ಲಿ ಅದನ್ನು ವಿವರಿಸಿದ ಸ್ವಿಸ್ ಶಸ್ತ್ರವೈದ್ಯ ಫ್ರಿಟ್ಸ್ ಡಿ ಕ್ವೆರ್ವೇನ್ ಅವರ ಹೆಸರೇ ನಿಂತಿದೆ. ಹೆಬ್ಬೆರಳನ್ನು ಎತ್ತುವ, ಅಗಲಿಸುವ ಎರಡು ಸ್ನಾಯುರಜ್ಜುಗಳು ಮಣಿಕಟ್ಟಿನ ಬದಿಯಲ್ಲಿ ಒಂದು ಇಕ್ಕಟ್ಟಾದ ಕೊಳವೆಯ ಮೂಲಕ ಹಾದುಹೋಗುತ್ತವೆ. ಹೆಬ್ಬೆರಳಿನ ಕೆಲಸ ಅತಿಯಾದಾಗ ಆ ಕೊಳವೆಯ ಗೋಡೆ ದಪ್ಪವಾಗುತ್ತದೆ, ರಜ್ಜುಗಳು ಸರಾಗವಾಗಿ ಸರಿಯವು. ಆಗ ಕೆಟಲು ಎತ್ತಿದರೆ, ಬಟ್ಟೆ ಹಿಂಡಿದರೆ, ಮಗುವನ್ನು ಎತ್ತಿಕೊಂಡರೆ ನೋವು. ಹೊಸದಾಗಿ ಹೆತ್ತ ತಾಯಂದಿರಲ್ಲಿಯೂ ಇದು ಸಾಮಾನ್ಯ. ಇನ್ನೆರಡು ತಿಂಗಳಲ್ಲಿ ಅಜ್ಜಿಯಾಗಲಿದ್ದವರಿಗೆ ಬಂದದ್ದು ಕೂಸನ್ನು ಎತ್ತಿಕೊಳ್ಳಲಾಗದ ಕಾಯಿಲೆ!

ತಪ್ಪು ಎಲ್ಲಿ ಆಯಿತು? ಕೆಲಸಗಳು ಮೂರು ಇದ್ದುದರಿಂದ ಅಲ್ಲ. ಕಣ್ಣಿಗೆ ಅವು ಮೂರಾಗಿದ್ದರೂ ಹೆಬ್ಬೆರಳಿಗೆ ಒಂದೇ ಆಗಿದ್ದವು. ಕೌದಿಯ ದಪ್ಪ ಪದರಗಳಲ್ಲಿ ಸೂಜಿ ತೂರಿಸುವಾಗ ಹೆಬ್ಬೆರಳು ಮತ್ತು ತೋರುಬೆರಳು ಚಿವುಟಿ ಹಿಡಿಯುತ್ತವೆ. ಕಸೂತಿಯ ಸೂಜಿಯಲ್ಲಿಯೂ ಅದೇ ಹಿಡಿತ. ಹೆಣಿಗೆಯ ಕಡ್ಡಿಗಳಲ್ಲಿ ಅದರ ಜೊತೆಗೆ ಮಣಿಕಟ್ಟಿನ ತಿರುಗಾಟವೂ ಸೇರುತ್ತದೆ. ಇನ್ನು ಬೇಸರವೆಂದು ಎದ್ದು ಬಟ್ಟೆ ಕತ್ತರಿಸಲು ಹೋದರೆ ಕತ್ತರಿಯ ಕಣ್ಣಿನಲ್ಲಿರುವುದೂ ಹೆಬ್ಬೆರಳೇ. ಆದುದರಿಂದ ನಾವು ಹೇಳಬಯಸುವ ಮುಖ್ಯ ಮಾತಿಷ್ಟೆ: ಕೆಲಸ ಬದಲಾದರೆ ಸಾಲದು, ಹಿಡಿತ ಬದಲಾಗಬೇಕು, ಎಲ್ಲ ಕೆಲಸಗಳಿಗೂ ಒಂದೇ ಗಡುವು ಇರಬಾರದು. ಈ ಎರಡನ್ನು ಪಾಲಿಸಿದರೆ ಏಕಕಾಲಕ್ಕೆ ಮೂರು ಕೆಲಸಗಳನ್ನು ನಡೆಸುವುದು ಅಶಿಸ್ತಲ್ಲ, ಆರೋಗ್ಯಕರವೇ ಹೌದು.

ಇದನ್ನು ಆಚರಣೆಗೆ ತರುವ ಬಗೆಯನ್ನು ಈಗ ನೋಡೋಣ.

ಮೊದಲನೆಯದು, ಪ್ರತಿಯೊಂದು ಕೆಲಸಕ್ಕೂ ಅದರ ಹೊತ್ತು. ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಎಳೆಗಳನ್ನು ಎಣಿಸಿಯೇ ಗವಂತಿ, ಮುರಗಿ, ನೇಗಿ, ಮೆಂತ್ಯೆ ಹೊಲಿಗೆಗಳನ್ನು ಹಾಕಬೇಕು. ಇಂಥ ಕೆಲಸ ಬೆಳಗಿನ ಕಿಟಕಿಯ ಬೆಳಕಿನಲ್ಲಿ ಅರ್ಧ ಗಂಟೆ ಮಾತ್ರ ನಡೆಯಲಿ. ನಲವತ್ತು ದಾಟಿದ ಮೇಲೆ ಕಣ್ಣಿನ ಮಸೂರ ಗಡುಸಾಗಿ ಹತ್ತಿರದ್ದು ಕಾಣದಾಗುತ್ತದೆ. ಅರವತ್ತರ ಹೊತ್ತಿಗೆ ಕಣ್ಣಿನ ಒಳಪದರಕ್ಕೆ ತಲುಪುವ ಬೆಳಕು ಇಪ್ಪತ್ತರ ವಯಸ್ಸಿನವರದರ ಸುಮಾರು ಮೂರನೆಯ ಒಂದು ಭಾಗ. ರಾತ್ರಿಯ ದೀಪದಲ್ಲಿ ಎಳೆ ಎಣಿಸುವುದೆಂದರೆ ಕಣ್ಣಿಗೆ ದಂಡನೆ. ಯಂತ್ರದ ಹೊಲಿಗೆ ಮಧ್ಯಾಹ್ನಕ್ಕಿರಲಿ. ಅಲ್ಲಿ ದುಡಿಯುವುದು ಕಾಲು ಮತ್ತು ಅಂಗೈ. ಬಟ್ಟೆ ಕತ್ತರಿಸುವುದನ್ನು ನೆಲದ ಮೇಲೆ ಬಗ್ಗಿ ಮಾಡದೆ, ಎತ್ತರದ ಮೇಜಿನ ಬಳಿ ನಿಂತು ಮಾಡಬೇಕು. ನೋಡದೆಯೇ ಹೆಣೆಯಬಲ್ಲ ಸಾದಾ ಸಾಲುಗಳು ಸಂಜೆಯ ಮಾತುಕತೆಗೆ ಸರಿ. ಕೌದಿ ವಾರದ ರಜೆಯ ದಿನಕ್ಕಿರಲಿ, ಅದೂ ನಾಲ್ಕು ಜನ ಸೇರಿದಾಗ.

ಎರಡನೆಯದು, ಬಿಡುವು. ಇಪ್ಪತ್ತು ನಿಮಿಷಕ್ಕೊಮ್ಮೆ ತಲೆಯೆತ್ತಿ, ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಬೇಕು. ಬೆರಳುಗಳನ್ನು ಅಗಲವಾಗಿ ಬಿಡಿಸಿ, ಭುಜಗಳನ್ನು ಹಿಂದಕ್ಕೆ ಸುತ್ತಬೇಕು. ಸೂಕ್ಷ್ಮ ಕೆಲಸದಲ್ಲಿ ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ. ಹವಾನಿಯಂತ್ರಕದ ಒಣ ಗಾಳಿ ನೇರವಾಗಿ ಮುಖಕ್ಕೆ ಬೀಸಿದರೆ ಕಣ್ಣು ಉರಿಯುವುದು ಖಂಡಿತ. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ರಾತ್ರಿ ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಅದು ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರುವ ಸೂಚನೆ. ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ ಇರುವವರಲ್ಲಿಯೂ ಗರ್ಭಿಣಿಯರಲ್ಲಿಯೂ ಇದು ಹೆಚ್ಚು. ಎಣ್ಣೆ ಹಚ್ಚಿಕೊಂಡು ಸುಮ್ಮನಿರದೆ ವೈದ್ಯರಿಗೆ ತೋರಿಸಬೇಕು.

ಮೂರನೆಯದು, ಸೂಜಿಯ ಲೆಕ್ಕ. ಬಹಳ ವರ್ಷ ಸಕ್ಕರೆ ಕಾಯಿಲೆಯಿರುವವರ ಪಾದಗಳಲ್ಲಿ ಸ್ಪರ್ಶಜ್ಞಾನ ಕುಗ್ಗಿರುತ್ತದೆ. ನೆಲದ ಮೇಲೆ ಬಿದ್ದ ಸೂಜಿ ಪಾದಕ್ಕೆ ಹೊಕ್ಕರೂ ಅವರಿಗೆ ತಿಳಿಯದೆ, ಅದು ಕೀವಾಗಿ ಮುಂದೆ ದೊಡ್ಡ ಹುಣ್ಣಾಗಬಹುದು. ಮನೆಗಳಲ್ಲಿ ಹಿರಿಯರೂ ಅಂಬೆಗಾಲಿಡುವ ಮಕ್ಕಳೂ ಇರುತ್ತಾರೆ. ಕುಳಿತಾಗ ಎಷ್ಟು ಸೂಜಿಗಳಿದ್ದವೋ ಏಳುವಾಗ ಅಷ್ಟೇ ಇರಬೇಕು. ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿಯೂ ಇದೇ ನಿಯಮ.

ನಾಲ್ಕನೆಯದು, ಮನಸ್ಸಿನ ಭಾರ. ಅರ್ಧಕ್ಕೆ ನಿಂತ ಕೆಲಸ ಕಪಾಟಿನೊಳಗಿಂದಲೇ ನಮ್ಮನ್ನು ಚುಚ್ಚುತ್ತಿರುತ್ತದೆ. ಮುಗಿದ ಕೆಲಸಕ್ಕಿಂತ ಮುಗಿಯದ ಕೆಲಸವೇ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆಂದು ಮನೋವಿಜ್ಞಾನಿ ಬ್ಲೂಮಾ ಝೈಗಾರ್ನಿಕ್ ಅವರು 1927ರಲ್ಲಿ ಪ್ರತಿಪಾದಿಸಿದರು. ನಂತರದ ಪ್ರಯೋಗಗಳೆಲ್ಲ ಅದನ್ನು ಒಂದೇ ಬಗೆಯಲ್ಲಿ ಸಮರ್ಥಿಸಲಿಲ್ಲ. ಆದರೆ 2011ರಲ್ಲಿ ಅಮೆರಿಕದ ಸಂಶೋಧಕರಾದ ಮಾಸಿಕಾಂಪೊ ಮತ್ತು ಬೌಮೈಸ್ಟರ್ ಅವರು ಉಪಯುಕ್ತವಾದ ಒಂದು ಸಂಗತಿಯನ್ನು ಪ್ರಕಟಿಸಿದರು. ಬಾಕಿಯಿರುವ ಕೆಲಸವನ್ನು ಯಾವಾಗ, ಹೇಗೆ ಮಾಡುವುದೆಂಬ ನಿರ್ದಿಷ್ಟ ಯೋಜನೆ ಹಾಕಿಕೊಂಡರೆ ಸಾಕು, ಕೆಲಸ ಮುಗಿಯದಿದ್ದರೂ ಅದರ ಕಾಟ ತಗ್ಗುತ್ತದೆ. ನಮ್ಮ ಮನೆಯವರು ಈಗ ಪ್ರತಿಯೊಂದು ಕೆಲಸಕ್ಕೂ ಪ್ರತ್ಯೇಕ ಚೀಲ ಮಾಡಿದ್ದಾರೆ. ಎತ್ತಿಡುವ ಮುನ್ನ ಒಂದು ಚೀಟಿ ಬರೆದಿಡುತ್ತಾರೆ: “ಎಡ ತೋಳು, 34ನೆಯ ಸಾಲು ಮುಗಿದಿದೆ, ಇನ್ನು ಎರಡೆರಡು ಕಣ್ಣು ಕಡಿಮೆ ಮಾಡಬೇಕು.” ತಿಂಗಳ ಮೇಲೆ ತೆರೆದರೂ ಕೈ ನೇರವಾಗಿ ಕೆಲಸಕ್ಕೆ ಹೋಗುತ್ತದೆ. ವರ್ಷವಾದರೂ ಮುಟ್ಟದ ಚೀಲವಿದ್ದರೆ ಅದನ್ನು ಬಿಚ್ಚಿ ಉಣ್ಣೆಯನ್ನು ಉಂಡೆ ಸುತ್ತಬೇಕು, ಇಲ್ಲವೆ ಬೇರೆಯವರಿಗೆ ಕೊಡಬೇಕು. ಬಿಟ್ಟುಬಿಡುವುದೂ ಒಂದು ಬಗೆಯ ಮುಕ್ತಾಯವೇ.

ಈ ಕೆಲಸಗಳನ್ನು ಬಿಡಿಸುವುದು ನಮ್ಮ ಉದ್ದೇಶವಲ್ಲ. ಅಮೆರಿಕದ ಮೇಯೊ ಕ್ಲಿನಿಕ್‌ನವರು 70ರಿಂದ 89 ವಯಸ್ಸಿನವರನ್ನು ಅಧ್ಯಯನ ಮಾಡಿ 2011ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಓದು, ಆಟಗಳ ಜೊತೆಗೆ ಹೆಣಿಗೆ, ಕೌದಿಯಂಥ ಕರಕುಶಲ ಕೆಲಸ ಮಾಡುವವರಲ್ಲಿ ನೆನಪಿನ ಶಕ್ತಿ ಮತ್ತು ಬುದ್ಧಿಶಕ್ತಿಯ ಆರಂಭಿಕ ಕುಂದು ಕಡಿಮೆ ಕಂಡುಬಂದಿತು. ಹೆಣಿಗೆಯಿಂದಲೇ ಬುದ್ಧಿ ಉಳಿಯಿತೆಂದು ಇದರಿಂದ ಸಿದ್ಧವಾಗುವುದಿಲ್ಲ. ಬುದ್ಧಿ ಚುರುಕಾಗಿರುವವರೇ ಹೆಣಿಗೆ ಹಿಡಿದಿರಲೂಬಹುದು. ಆದರೂ ಕೈಗೂ ಮನಸ್ಸಿಗೂ ಕೆಲಸವಿರುವುದು ಒಳ್ಳೆಯದೆಂಬ ನಮ್ಮ ಹಿರಿಯರ ಅನುಭವಕ್ಕೆ ಇದು ವಿರುದ್ಧವಾಗಿಲ್ಲ.

ನಮ್ಮ ನೆರೆಯ ಮುಹರ‍್ರಕ್‌ನಲ್ಲಿ ‘ಕುರಾರ್’ ಎಂಬ ಚಿನ್ನದ ಎಳೆಯ ಕೆಲಸವಿದೆ. ಅದನ್ನು ಒಬ್ಬರೇ ಮಾಡಲಾಗದು. ಹಲವು ಹೆಂಗಸರು ಒಟ್ಟಿಗೆ ಕುಳಿತು ಎಳೆಗಳನ್ನು ಬೆರಳುಗಳಿಗೆ ಸಿಕ್ಕಿಸಿಕೊಂಡು, ಒಬ್ಬರೊಂದಿಗೊಬ್ಬರು ಅದಲುಬದಲು ಮಾಡುತ್ತ ಉಡುಪಿಗೆ ಪಟ್ಟಿ ಹೆಣೆಯುತ್ತಾರೆ. ಕುರಾರ್ ಭವನದಲ್ಲಿ ಅದನ್ನು ನೋಡಿ ಬಂದ ದಿನ ಮನೆಯವರು, “ಕೌದೀನೂ ಹಿಂಗ ಅಲ್ಲೇನ್ರೀ? ಅತ್ತಿಯವರ ಸುತ್ತ ಯಾವಾಗಲೂ ನಾಲ್ಕು ಮಂದಿ ಇರತಿದ್ರು” ಎಂದರು. ನಾವು ಪರದೇಶಕ್ಕೆ ಬಂದಾಗ ಕೆಲಸವನ್ನು ಹೊತ್ತು ತಂದೆವು, ಜೊತೆಗೆ ಕೂರುವ ನಾಲ್ಕು ಜನರನ್ನು ಊರಿನಲ್ಲಿಯೇ ಬಿಟ್ಟು ಬಂದೆವು. ಕೈನೋವಿನ ಅರ್ಧ ಕಾರಣ ಅದೇ ಇರಬಹುದು.

ಕೊನೆಗೆ ಏನಾಯಿತೆಂದು ಕೇಳುವಿರಿ. ಹೆಬ್ಬೆರಳಿಗೆ ಪಟ್ಟಿ ಕಟ್ಟಿ ವಿಶ್ರಾಂತಿ ಕೊಟ್ಟೆವು. ನೋವು ಕಡಿಮೆಯಾಗದೆ ಸಹೋದ್ಯೋಗಿಯೊಬ್ಬರಿಂದ ಒಂದು ಸ್ಟೀರಾಯ್ಡ್ ಚುಚ್ಚುಮದ್ದು ಬೇಕಾಯಿತು. ಹೆಚ್ಚಿನವರಿಗೆ ಇಷ್ಟರಲ್ಲಿಯೇ ಗುಣವಾಗುತ್ತದೆ. ಶಸ್ತ್ರಚಿಕಿತ್ಸೆ ಕೆಲವರಿಗೆ ಮಾತ್ರ. ಡಿಸೆಂಬರಿನಲ್ಲಿ ಅವರು ಟೊಪ್ಪಿಗೆಯೊಂದನ್ನೇ ಒಯ್ದರು. ಸ್ವೆಟರಿಗೆ ಒಂದು ತೋಳಿರಲಿಲ್ಲ, ಸೀರೆಯ ಕಸೂತಿ ಸೆರಗಿನ ಅರ್ಧಕ್ಕೆ ನಿಂತಿತ್ತು. ಆದರೆ ಜನವರಿಯಲ್ಲಿ ಕೂಸನ್ನು ಎರಡೂ ಕೈಗಳಿಂದ ಎತ್ತಿಕೊಂಡರು.

ಕೌದಿ ಹಿದ್‌ನಲ್ಲಿಯೇ ಉಳಿಯಿತು. ಅಂದಿನಿಂದ ಶುಕ್ರವಾರದ ಸಂಜೆಗಳಲ್ಲಿ ನಾಲ್ಕಾರು ಕನ್ನಡದ ಹೆಣ್ಣುಮಕ್ಕಳು ನಮ್ಮ ಮನೆಯಲ್ಲಿ ಸೇರಿ ಅದಕ್ಕೆ ಒಂದೊಂದು ಸಾಲು ಹಾಕುತ್ತ ಬಂದಿದ್ದಾರೆ. ಮೊನ್ನೆ ಕೊನೆಯ ಸಾಲು ಮುಗಿಯಿತು, ಹೊಟ್ಟೆ ಮಾತ್ರ ತುಂಬಿಲ್ಲ. ಮೊಮ್ಮಗಳು ಚಳಿಗಾಲದ ರಜೆಗೆ ಬರುತ್ತಾಳೆ, ರೊಟ್ಟಿಯ ಚೂರನ್ನು ಅವಳ ಕೈಯಿಂದಲೇ ಇಡಿಸಬೇಕು ಎನ್ನುತ್ತಾರೆ ಅವಳ ಅಜ್ಜಿ. ಈ ಸಲ ನಾವೂ ಅವಸರ ಮಾಡಿಲ್ಲ.